ಜುಟ್ಟಾಸುರ ಕೂಗದ ಭಾನುವಾರ

ಈ ಮೂಲಕ ಸಮಸ್ತ ಆಸ್ತಿಕ, ನಾಸ್ತಿಕ ಹಾಗೂ ಕನ್ನಡಕಧಾರಿ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ: ಮಂಗಳೂರು ಬೋಳೂರಿನ ಶ್ರೀ ಐತಪ್ಪ ಕೋಟ್ಯಾನ್ ಇವರ ಬಿಳಿ ಜುಟ್ಟಾಸುರನಿಗೆ ನಿನ್ನೆ ಅಪರಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಬಾಲದ ಏಳನೆಯ ಗರಿ ಮೂಡಿರುತ್ತದೆ. ಗರಿಯೂ ಹಕ್ಕಿಯೂ ಕ್ಷೇಮ. ನೋಡಲು ಬರುವವರು ತಮ್ಮ ತಮ್ಮ ಕನ್ನಡಕವನ್ನು ತಾವೇ ತರತಕ್ಕದ್ದು.

ಈ ಪ್ರಕಟಣೆಯನ್ನು ಬರೆದವನೂ ಐತಪ್ಪ, ಯುವಕ ಮಂಡಲದ ಹಲಗೆಗೆ ಅಂಟಿಸಿದವನೂ ಐತಪ್ಪ. ಮಂಡಲದ ಅತ್ಯಂತ ಕಿರಿಯ ಯುವಕನಿಗೆ ಅರುವತ್ತಮೂರು ವರ್ಷವಾದ್ದರಿಂದ ಹಲಗೆಯ ಎದುರು ನೂಕುನುಗ್ಗಲೇನೂ ಆಗಲಿಲ್ಲ. ಆದರೆ ಬಂದವರು ಯಾರೂ ಕಾಟಾಚಾರಕ್ಕೆ ಬಂದವರಲ್ಲ. ಕನ್ನಡಕ ಏರಿಸಿ, ಐತಪ್ಪನ ಅಂಗಳದ ತುಳಸಿಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಿದ್ದ ಹಕ್ಕಿಯ ಹಿಂಭಾಗವನ್ನು ಸರಕಾರಿ ಗಾಂಭೀರ್ಯದಿಂದ ಪರಿಶೀಲಿಸಿ, "ಹೌದು, ಏಳೇ" ಎಂದು ಸಾಕ್ಷಿ ನುಡಿದು, ಚಾ ಕುಡಿದು ಹೋದರು.

ಕನ್ನಡಕ ತೆಗೆದರೆ ತುಳಸಿಕಟ್ಟೆಯ ಮೇಲೆ ತುಳಸಿ ಮಾತ್ರ.

ಜುಟ್ಟಾಸುರ ಎಂಬುದು 'ಬೇಟೆಬುಟ್ಟಿ' ಎಂಬ ಆಟದ ಹಕ್ಕಿ. ಆ ಆಟದಲ್ಲಿ ಮುನ್ನೂರ ಹನ್ನೆರಡು ವಿಚಿತ್ರ ಪ್ರಾಣಿಗಳಿದ್ದವು. ಬೀದಿ ಬೀದಿ ಅಲೆದು, ಕನ್ನಡಕದೊಳಗೆ ಕಂಡದ್ದನ್ನು ಬುಟ್ಟಿಗೆ ಹಾಕಿಕೊಳ್ಳುವುದು, ಸಾಕುವುದು, ಇನ್ನೊಬ್ಬರದರ ಜೊತೆ ಕಾದಾಡಿಸುವುದು, ಆಟವೆಂದರೆ ಇಷ್ಟೇ. ಹಲಸಿನ ಮೈಯ ಆಮೆ ಇತ್ತು, ಮೊಬೈಲ್ ಸಿಗ್ನಲ್ ತಿಂದು ಬದುಕುವ ಹಲ್ಲಿ ಇತ್ತು. ಕರಾವಳಿಗೆ ಹುಚ್ಚು ಹಿಡಿಸಿದ್ದು ಮಾತ್ರ ಜುಟ್ಟಾಸುರ. ಹುಂಜದ ಮೈ, ನವಿಲಿನ ಜಂಬ, ನೆತ್ತಿಯ ಮೇಲೆ ಉರಿಯುವ ಜುಟ್ಟು. ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ ನಿಂತುಹೋಗಿ ಕೈ ತುರಿಸಿಕೊಂಡು ಕೂತಿದ್ದ ಮುದುಕರಿಗೆ ಇದು ಆಕಾಶದಿಂದ ಇಳಿದುಬಂದ ವರ. ಕಾಲಿಗೆ ಬಾಳುಕತ್ತಿ ಕಟ್ಟಬೇಕಿಲ್ಲ, ರಕ್ತ ಇಲ್ಲ, ಪೊಲೀಸರು ಬಂದರೆಂದು ಗುಡ್ಡೆ ಹತ್ತಿ ಓಡಬೇಕಿಲ್ಲ. ಬೆಳಕಿನ ಗರಿ ನಾಲ್ಕು ಹಾರುತ್ತವೆ, ಸೋತ ಹಕ್ಕಿ ಕುಕ್ಕರಗಾಲಲ್ಲಿ ಕೂತು ಎರಡು ಸಲ ಸೀನುತ್ತದೆ. ಅಲ್ಲಿಗೆ ಯುದ್ಧ ಮುಗಿಯಿತು.

"ಮೊದಲು ಸೋತ ಕೋಳಿಯನ್ನು ನಾವು ತಿನ್ನುತ್ತಿದ್ದೆವು, ಈಗ ಸೋತ ಕೋಳಿ ನಮ್ಮ ತಲೆ ತಿನ್ನುತ್ತದೆ," ಎಂದು ಐತಪ್ಪ ಹೇಳುವುದಿತ್ತು.

ಐತಪ್ಪ ಮೂವತ್ತೆರಡು ವರ್ಷ ಹಂಚಿನ ಕಾರ್ಖಾನೆಯಲ್ಲಿ ಸೈರನ್ ಊದಿದವನು. ಅವನ ಕೈಯಲ್ಲಿ ಬೋಳೂರಿನ ಬೆಳಗು, ಮಧ್ಯಾಹ್ನ, ಸಂಜೆ ಮೂರೂ ಇದ್ದವು. ಕಾರ್ಖಾನೆ ಮುಚ್ಚಿತು, ಸೈರನ್ ಗುಜರಿಗೆ ಹೋಯಿತು, ಊರು ತನ್ನ ಪಾಡಿಗೆ ತಾನೇ ಬೆಳಗಾಗತೊಡಗಿತು. ಆ ಅವಮಾನದಲ್ಲಿ ಬೇಯುತ್ತಿದ್ದಾಗ, ಏಳು ವರ್ಷದ ಹಿಂದೆ, ಮುಚ್ಚಿದ ಕಾರ್ಖಾನೆಯ ಗೇಟಿನ ಮೇಲೆ ಕನ್ನಡಕದೊಳಗೆ ಅವನಿಗೆ ಈ ಬಿಳಿ ಹಕ್ಕಿ ಕಂಡಿತು. ದಿನಾ ಸೂರ್ಯೋದಯಕ್ಕೆ, ಒಂದು ನಿಮಿಷ ಹಿಂದಿಲ್ಲ, ಒಂದು ನಿಮಿಷ ಮುಂದಿಲ್ಲ, ಕತ್ತು ಚಾಚಿ ಕೂಗತೊಡಗಿತು. ಐತಪ್ಪ ಅದಕ್ಕೆ 'ಸೈರನ್' ಎಂದೇ ಹೆಸರಿಟ್ಟ.

"ಏಳು ಗರಿಯಂತೆ, ಏಳು! ಒಂದು ಮೊಟ್ಟೆಗೆ ಗತಿ ಇಲ್ಲ, ಕೋಳಿ ಸುಕ್ಕಕ್ಕಂತೂ ಮೊದಲೇ ಆಗುವುದಿಲ್ಲ," ಎಂದು ಚಾದ ಲೋಟಗಳನ್ನು ಬಡಿಯುತ್ತ ಒಟ್ಟುಮಾಡಿದಳು ಅವನ ತಂಗಿ ಗುಲಾಬಿ. "ಇದಕ್ಕೆ ಚಾ ಮಾಡಿ ಮಾಡಿ ನಾನು ಸಾಯಬೇಕಾ ಅಣ್ಣ?"

"ಹಕ್ಕಿ ಚಾ ಕುಡಿಯುವುದಿಲ್ಲ ಮಾರಾಯ್ತಿ."

"ಹಕ್ಕಿ ನೋಡಲಿಕ್ಕೆ ಬಂದ ಹದ್ದುಗಳು ಕುಡಿಯುತ್ತವಲ್ಲ!"

ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಗುಲಾಬಿಯ ಮಗಳು ಸುಗಂಧಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಬೇಟೆಬುಟ್ಟಿ ಕಂಪನಿಯ ಕಂಟ್ರೋಲ್ ರೂಮಿನ ಮುಖ್ಯಸ್ಥೆ. ಯಾರಿಗೂ ಹೇಳದ ಸುದ್ದಿಯೊಂದು ಅವಳನ್ನು ಕೊಕ್ಕಿನಿಂದ ಕುಕ್ಕುತ್ತಿತ್ತು. ಈ ತಿಂಗಳ ಕೊನೆಗೆ ಹಳೆಯ ಜುಟ್ಟಾಸುರರನ್ನೆಲ್ಲ ಕಂಪನಿ ಅಳಿಸಿಹಾಕಲಿತ್ತು. ಬದಲಿಗೆ ಬರುವುದು 'ಜುಟ್ಟಾಸುರ ಎರಡು'. ಅದರದ್ದು ಕೆಂಪು ಒಂದೇ ಬಣ್ಣ. ಅದು ಮಾತಾಡುತ್ತದೆ, ಮಾತಿನ ನಡುವೆ ಜಾಹೀರಾತು ಹೇಳುತ್ತದೆ, ಮಾಲೀಕ ಎದ್ದ ಮೇಲೆಯೇ ಕೂಗುತ್ತದೆ.

ಏಳನೆಯ ಗರಿ ನೋಡಿ ಮಾವ ಮಗುವಿನಂತೆ ಕುಣಿಯುತ್ತಿದ್ದ. ಅವಳು ಚಪ್ಪಲಿಯನ್ನು ಮೂಲೆಗೆ ಸರಿಸಿ ಒಳಗೆ ಹೋದಳು.

ಕಂಟ್ರೋಲ್ ರೂಮ್ ಇದ್ದದ್ದು ಹಳೆ ಬಂದರಿನಲ್ಲಿ, ಹಿಂದೆ ಹಂಚು ಪೇರಿಸಿಡುತ್ತಿದ್ದ ಗೋದಾಮಿನ ಮಾಳಿಗೆಯ ಮೇಲೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಚುಕ್ಕೆ. ಒಂದೊಂದು ಚುಕ್ಕೆಯೂ ಎಲ್ಲೋ ಯಾರದೋ ಜಗಲಿಯ ಮೇಲೆ ಜಂಬ ಮಾಡುತ್ತಿರುವ ಒಂದೊಂದು ಹಕ್ಕಿ. ಕಿಟಕಿಯ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ, ದೋಣಿ ಕಟ್ಟುವ ದಕ್ಕೆ. ಆ ದಕ್ಕೆಯ ಕಂಬಕ್ಕೆ ಕಂಪನಿಯವರು ಒಂದು ಸಣ್ಣ ಯಂತ್ರ ಕಟ್ಟಿದ್ದರು. ನೀರು ಎಷ್ಟು ಎತ್ತರಕ್ಕೆ ಏರಿದೆ ಎಂದು ಅದು ಸೆಕೆಂಡಿಗೊಮ್ಮೆ ಅಳೆದು ಕಳಿಸುತ್ತಿತ್ತು. ಅಂಕದಲ್ಲಿ ಯಾವ ಬಣ್ಣದ ಹಕ್ಕಿಗೆ ಯಾವ ಗಳಿಗೆ ಹುರುಪು ಬರಬೇಕು, ಯಾವುದಕ್ಕೆ ಜೋಂಪು ಹತ್ತಬೇಕು ಎಂಬುದನ್ನು ಆ ಅಳತೆಯೇ ತೀರ್ಮಾನಿಸುತ್ತಿತ್ತು. ಮುಂದಿನ ತೆರೆಯ ಎತ್ತರವನ್ನು ಬ್ರಹ್ಮನೂ ಹೇಳಲಾರ, ಆದ್ದರಿಂದ ನಮ್ಮ ಆಟದಲ್ಲಿ ಮೋಸವಿಲ್ಲ ಎಂದು ಕಂಪನಿ ಡಂಗುರ ಹೊಡೆದಿತ್ತು. ಯಾರು ಬೇಕಾದರೂ ನೋಡಲಿ ಎಂದು ಆ ಲೆಕ್ಕದ ಸಾಲುಗಳನ್ನು ಬಹಿರಂಗವಾಗಿಯೇ ಇಟ್ಟಿತ್ತು. ಯಾರು ಬೇಕಾದರೂ ನೋಡಬಹುದಾದ್ದನ್ನು ಯಾರೂ ನೋಡಿರಲಿಲ್ಲ.

ಎಂಟು ವರ್ಷದ ಹಿಂದೆ ಸುಗಂಧಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಹಕ್ಕಿಗಳು ಸೆಕೆಂಡಿಗೊಂದು ಬುದ್ಧಿ ತೋರಿಸುತ್ತಿದ್ದವು. ಈಗ ಹಾರಾಟ, ಈಗಲೇ ಆಕಳಿಕೆ. ಸ್ವಲ್ಪ ಸಮಾಧಾನ ಮಾಡಮ್ಮ ಎಂದು ಹಿರಿಯರು ಹೇಳಿದ್ದಕ್ಕೆ ಅವಳು ಒಂದೇ ಒಂದು ಸಾಲು ಸೇರಿಸಿದ್ದಳು: ಸೆಕೆಂಡಿನ ಅಳತೆ ಬೇಡ, ಕಳೆದ ಒಂದು ಗಂಟೆಯ ಸರಾಸರಿ ತೆಗೆದುಕೊ. ಹಕ್ಕಿಗಳು ಸಂಭಾವಿತವಾದವು. ಸುಗಂಧಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆ ಸಾಲನ್ನು ಅವಳೂ ಮರೆತಳು.

ಈಗ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ವಿಚಿತ್ರವಾಗಿ ಮಿನುಗುತ್ತಿತ್ತು. ಮೂರು ವರ್ಷದಲ್ಲಿ ನೂರ ನಲವತ್ತೊಂದು ಅಂಕ, ನೂರ ಮೂವತ್ತೊಂಬತ್ತು ಗೆಲುವು. ಅದೃಷ್ಟಕ್ಕೂ ಒಂದು ಮಾನ ಮರ್ಯಾದೆ ಬೇಡವೇ! ಚುಕ್ಕೆಯ ವಿಳಾಸ ತನ್ನದೇ ಮನೆ. ಸೋತ ಎರಡು ಅಂಕಗಳು ಯಾವುದೆಂದು ಸುಗಂಧಿಗೆ ಗೊತ್ತಿತ್ತು: ಐತಪ್ಪ ನಿದ್ದೆ ಮಾಡುತ್ತಿದ್ದಾಗ ಗುಲಾಬಿ ಕದ್ದು ಕನ್ನಡಕ ಹಾಕಿಕೊಂಡು ಆಡಿದವು.

ಗೆದ್ದವುಗಳ ಗುಟ್ಟು ಐತಪ್ಪನ ಲುಂಗಿಯ ಮಡಿಲಲ್ಲಿತ್ತು. ಅದು ಅಂಚು ತಿಂದ ಒಂದು ಕುಕ್ಕುಟ ಪಂಚಾಂಗ. ಯಾವ ತಿಥಿಯ ಯಾವ ಜಾವದಲ್ಲಿ ಯಾವ ಬಣ್ಣದ ಹುಂಜ ಯಾವ ಬಣ್ಣದ್ದನ್ನು ಹೊಡೆಯುತ್ತದೆ ಎಂದು ಅಂಕದ ಹಿರಿಯರು ಬರೆದಿಟ್ಟ ಪುಸ್ತಕ. ಐತಪ್ಪ ಬಿಳಿಗೆ ಕಾಲ ಬಂದಾಗ ಮಾತ್ರ ಕಣಕ್ಕಿಳಿಯುತ್ತಿದ್ದ, ಉಳಿದ ಹೊತ್ತು ಚಾ ಕುಡಿಯುತ್ತಿದ್ದ. ಸುಗಂಧಿ ಆ ಪುಸ್ತಕದ ಕೆಲವು ಪುಟಗಳ ಫೋಟೊಗಳನ್ನು ಒಂದು ಪರದೆಯಲ್ಲೂ ಗೆಲುವುಗಳನ್ನು ಇನ್ನೊಂದರಲ್ಲೂ ಇಟ್ಟಳು. ಎರಡೂ ಅವಳಿ ಮಕ್ಕಳಂತೆ ಹೋಲುತ್ತಿದ್ದವು. ಭೌತಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು ಇನ್ನೊಮ್ಮೆ ಮೊದಲಿನಿಂದ ಎಣಿಸಿದಳು.

ಪ್ರಾಮಾಣಿಕತೆ ಎಂಬುದು ಕೆಟ್ಟ ಚಟ. ಅವಳು ನೇರ ಹೋಗಿ ಎಂ.ಡಿ. ತನ್ಮಯ್‌ಗೆ ಹೇಳಿದಳು. ತನ್ಮಯ್ ಬೆಂಗಳೂರಿನವನು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಒಂದು ವರ್ಷ ಕಳೆದಿದ್ದ.

"ಅಂದ್ರೆ ನಿಮ್ಮ ಮಾವ ಚೀಟ್ ಮಾಡ್ತಿದಾರೆ."

"ಇಲ್ಲ ಸರ್. ಪಂಚಾಂಗ ನೋಡ್ತಾರೆ."

"ಯಾವ ಆ್ಯಪ್ ಅದು?"

"ಆ್ಯಪ್ ಅಲ್ಲ ಸರ್, ಪುಸ್ತಕ. ಅದು ಹೇಳಿದ ಹಾಗೆಯೇ ನಮ್ಮ ಹಕ್ಕಿಗಳು ಗೆಲ್ತಾ ಉಂಟು. ಕಾರಣ ಎಂತ ಅಂತ ಗೊತ್ತಾಗ್ತಾ ಇಲ್ಲ. ಒಂದು ವಾರ ಕೊಡಿ, ಹುಡುಕ್ತೇನೆ."

ತನ್ಮಯ್ ಕುರ್ಚಿಯಿಂದ ನಿಧಾನಕ್ಕೆ ಎದ್ದ. ದೊಡ್ಡ ಯೋಜನೆಗಳು ಹುಟ್ಟುವಾಗ ಅವನು ಹಾಗೆಯೇ ಏಳುತ್ತಿದ್ದ.

"ಕಾರಣ ಯಾಕ್ರೀ ಬೇಕು? ನಮ್ಮಜ್ಜಿ ಮಾತ್ರೆ ನುಂಗೋವಾಗ ಕಾರಣ ಕೇಳ್ತಾರಾ? ಕೇಳಿಸ್ಕೊಳ್ಳಿ. ಹಳೇ ಹಕ್ಕಿ ಅಳಿಸ್ತೀವಿ ಅಂತ ಗೊತ್ತಾದ್ರೆ ಕರಾವಳಿ ಮುದುಕ್ರೆಲ್ಲ ಬಂದು ಗೇಟ್ ಮುಂದೆ ಕೂತ್ಕೋತಾರೆ. ಅದಕ್ಕೇ ಅಂಕ ಮಾಡೋಣ. ಒಂದು ಹಳೇದು, ಒಂದು ಹೊಸದು. ಗೆದ್ದ ತಳಿ ಉಳಿಯುತ್ತೆ, ಸೋತ ತಳಿ ಅಳಿಯುತ್ತೆ. ಎಲ್ಲ ಕಂಪ್ಯೂಟರೇ ಮಾಡ್ಬೇಕು, ಆಟೊಮ್ಯಾಟಿಕ್ಕು, ನಡುವೆ ನಿಲ್ಲಿಸೋ ಬಟನ್ನೇ ಇರಬಾರ್ದು. ಆಗ ಜನ ನಂಬ್ತಾರೆ."

"ಹೊಸದೇ ಗೆಲ್ತದೆ ಅಂತ ಎಂತ ಗ್ಯಾರಂಟಿ ಸರ್?"

"ಅದನ್ನ ನಿಮ್ಮ ಮಾವನ ಪುಸ್ತಕ ಹೇಳುತ್ತಲ್ಲ! ಮೈ ಹೊಸದಾದ್ರೂ ಒಳಗಿನ ಲೆಕ್ಕ ಹಳೇದೇ ತಾನೇ? ಕೆಂಪು ಬಿಳೀನ ಹೊಡೆಯೋ ಭಾನುವಾರ ಯಾವ್ದು ಅಂತ ನೋಡ್ಕೊಂಡ್ ಬನ್ನಿ. ಹಳೇ ಹಕ್ಕಿ ಅಂತ ನಿಮ್ಮ ಮಾವನ್ದೇ ಇರ್ಲಿ, ಚಾಂಪಿಯನ್ನು. ಇದು ಮೋಸ ಅಲ್ಲ ಕಣ್ರೀ, ಮುಹೂರ್ತ ನೋಡೋದು. ಬೆಳಿಗ್ಗೆ ಆರಕ್ಕೆ ಇಡೋಣ. ಆಗ ಅಮೆರಿಕದಲ್ಲಿ ಶನಿವಾರ ಸಂಜೆ, ಎಲ್ರೂ ಫ್ರೀ."

"ನಾನು ಕೇಳಲಿಕ್ಕಿಲ್ಲ ಸರ್, ನನ್ನ ಮಾವನ ಹತ್ರ."

"ಹಾಗಾದ್ರೆ ಅಂಕನೇ ಬೇಡ. ಇವತ್ತೇ ಅಳಿಸ್ಬಿಡಿ."

ಆ ಸಂಜೆ ಸುಗಂಧಿ ಮನೆಯ ಚಾವಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹಳೆ ಹಕ್ಕಿ ಅಳಿಸುವ ವಿಷಯ, ಅಂಕದ ವಿಷಯ, ತಾನು ಪುಸ್ತಕದ ಗುಟ್ಟು ಬಿಟ್ಟುಕೊಟ್ಟ ವಿಷಯ. ಕಡೆಗೆ, ತಲೆ ತಗ್ಗಿಸಿ, ಕೆಂಪು ಗೆಲ್ಲುವ ಭಾನುವಾರ ಬೇಕು ಎಂಬ ವಿಷಯ.

ಮೊದಲು ಸಿಡಿದದ್ದು ಗುಲಾಬಿ. "ಅಳಿಸುವುದಾ? ಅದೇನು ಸ್ಲೇಟಿನ ಮೇಲೆ ಬರೆದದ್ದಾ? ನಾನು ದಿನಾ ಬೆಳಿಗ್ಗೆ ಒಂದು ಹಿಡಿ ಅಕ್ಕಿ ಹಾಕುವುದು ಯಾರಿಗೆ, ನಿನ್ನ ಎಂ.ಡಿ.ಗಾ?"

ಐತಪ್ಪ ತಂಗಿಯನ್ನು ಬೆರಗಾಗಿ ನೋಡಿದ. "ನೀನು ಅಕ್ಕಿ ಹಾಕುವುದಾ ಅದಕ್ಕೆ?"

"ಹಾಕುವುದು! ಕಾಗೆ ತಿನ್ನುತ್ತದೆ, ಅದು ಬೇರೆ ಮಾತು."

"ಮಾವ, ನೀವು ಬೇರೆ ಬಣ್ಣದ್ದು ಇಳಿಸಿ," ಎಂದಳು ಸುಗಂಧಿ. "ಯುವಕ ಮಂಡಲದವರ ಹತ್ರ ಕಪ್ಪು ಉಂಟು, ಉರಿ ಬಣ್ಣದ್ದುಂಟು. ಯಾವುದಾದರೂ ಕೆಂಪನ್ನು ಹೊಡೆಯಬಹುದು."

"ಬಣ್ಣ ಬದಲಿಸಲಿಕ್ಕೆ ನಾನೇನು ಚುನಾವಣೆಗೆ ನಿಂತದ್ದಾ ಮಗಾ? ಶುಕ್ಲಪಕ್ಷ, ಕೃಷ್ಣಪಕ್ಷ. ಇವೆರಡು ಬಿಟ್ಟು ಬೇರೆ ಪಕ್ಷ ನನಗೆ ಗೊತ್ತಿಲ್ಲ. ನನ್ನದು ಸೈರನೇ." ಐತಪ್ಪ ಮಡಿಲಿನಿಂದ ಪಂಚಾಂಗ ತೆಗೆದು, ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. "ಎಷ್ಟು ಗಂಟೆಗೆ ಅಂದದ್ದು ನಿನ್ನ ಎಂ.ಡಿ.?"

"ಬೆಳಿಗ್ಗೆ ಆರಕ್ಕೆ."

"ಸರಿಯಾಗಿ ಆರಕ್ಕೆ? ಗಡಿಯಾರ ನೋಡುವ ಜನವಾ ಅವರು? ತಡ ಮಾಡುವವರಲ್ಲವಲ್ಲ?"

"ಅಮೆರಿಕದವರು ಕಾಯ್ತಾ ಇರ್ತಾರೆ ಮಾವ. ಒಂದು ನಿಮಿಷ ಆಚೆ ಈಚೆ ಆಗಲಿಕ್ಕಿಲ್ಲ."

"ಒಳ್ಳೆಯದು. ಹೊತ್ತಿಗೆ ಮರ್ಯಾದೆ ಕೊಡುವವರೆಂದರೆ ನನಗೂ ಇಷ್ಟ." ಅವನು ಒಂದು ಪುಟದ ಮೇಲೆ ಬೆರಳಿಟ್ಟ. "ಇಕೋ. ಮಾಘ ಶುದ್ಧ ತದಿಗೆ, ಭಾನುವಾರ. ಮೊದಲನೆಯ ಜಾವ, ಕೆಂಪು ಬಿಳಿಯನ್ನು ಹೊಡೆಯುತ್ತದೆ. ಫೋಟೊ ತೆಗೆದುಕೊಂಡು ಹೋಗಿ ಕೊಡು."

"ಮಾವ, ನೀವು ಸೋಲ್ತೀರಿ!"

"ಕೇಳಿದ್ದನ್ನು ಕೊಡದೆ ಕಳಿಸಬಾರದು ಮಗಾ," ಎಂದು ಐತಪ್ಪ ಎದ್ದು ಅಂಗಳಕ್ಕೆ ಹೋದ. ಕನ್ನಡಕವಿಲ್ಲದ ಸುಗಂಧಿಗೆ ಕಂಡದ್ದು, ತುಳಸಿಕಟ್ಟೆಯ ಮೇಲಿನ ಖಾಲಿ ಗಾಳಿಯನ್ನು ಪ್ರೀತಿಯಿಂದ ಸವರುತ್ತಿರುವ ಒಬ್ಬ ಮುದುಕ. ಆ ವಾರವೆಲ್ಲ ಅವಳಿಗೆ ಗಂಜಿಯೂ ಇಳಿಯಲಿಲ್ಲ. ಐತಪ್ಪ ಮಾತ್ರ ಬಂಗುಡೆ ಮೀನಿನ ಪುಳಿಮುಂಚಿಗೆ ಇನ್ನೆರಡು ನೀರುದೋಸೆ ಹಾಕಿಸಿಕೊಳ್ಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ದಕ್ಕೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಇನ್ನೂ ಕತ್ತಲೆ, ದೊಡ್ಡ ದೊಡ್ಡ ದೀಪ, ದೊಡ್ಡ ದೊಡ್ಡ ಪರದೆ. ಯುವಕ ಮಂಡಲದ ಯುವಕರು ಮಂಕಿ ಟೋಪಿ ಹಾಕಿಕೊಂಡು ಸಾವಿನ ಮನೆಗೆ ಬಂದವರಂತೆ ನಿಂತಿದ್ದರು. ಗುಲಾಬಿ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಬಂದಿದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ತನ್ಮಯ್ ಕೆಂಪು ಜುಬ್ಬಾ ತೊಟ್ಟು ಅಮೆರಿಕಕ್ಕೆ ಕೈ ಬೀಸುತ್ತಿದ್ದ.

ಸುಗಂಧಿಗೆ ಮಾವನ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ದಕ್ಕೆಯ ಅಂಚಿಗೆ ಸರಿದು ಕೆಳಗೆ ನೋಡಿದಳು.

ದೋಣಿಗಳು ಕಾಣಲಿಲ್ಲ. ನಿನ್ನೆ ಮಧ್ಯಾಹ್ನ ಅವಳು ಊಟಕ್ಕೆ ಹೊರಟಾಗ ದಕ್ಕೆಗೆ ಸರಿಸಮನಾಗಿ, ಕಾಲಿಟ್ಟು ಹತ್ತುವಷ್ಟು ಎತ್ತರದಲ್ಲಿ ನಿಂತಿದ್ದ ದೋಣಿಗಳು. ಬಗ್ಗಿದಳು. ಎಲ್ಲ ಕೆಳಗಿದ್ದವು, ಒಬ್ಬ ಆಳಿನಷ್ಟು ಕೆಳಗೆ. ಕಂಬದ ಬುಡದಲ್ಲಿ ಕೆಸರು ಎದ್ದು ಕಾಣುತ್ತಿತ್ತು, ಕೆಸರಿನ ಮೇಲೆ ಏಡಿಗಳು ವಾಯುವಿಹಾರ ನಡೆಸಿದ್ದವು. ಕಂಪನಿಯ ಯಂತ್ರ ಕಂಬದ ಮೇಲೆ ಪಿಳಿಪಿಳಿ ಕಣ್ಣು ಮಿಟುಕಿಸುತ್ತಿತ್ತು.

ಇಳಿತ.

ಎಂಟು ವರ್ಷದ ಹಿಂದಿನ ಆ ಒಂದು ಸಾಲು ಅವಳ ತಲೆಯೊಳಗೆ ಪಟಕ್ಕನೆ ಹೊತ್ತಿಕೊಂಡಿತು. ಒಂದು ಗಂಟೆಯ ಸರಾಸರಿ! ತೆರೆಯೊಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಒಂದು ಗಂಟೆಯ ತೆರೆಗಳನ್ನೆಲ್ಲ ಕೂಡಿಸಿ ಭಾಗಿಸಿದರೆ ಅವು ಒಂದನ್ನೊಂದು ತಿಂದು ಮಾಯವಾಗುತ್ತವೆ. ಕಡೆಗೆ ಉಳಿಯುವುದು ಉಬ್ಬರ ಇಳಿತ ಮಾತ್ರ. ಉಬ್ಬರ ಇಳಿತ ಚಂದ್ರನದು, ಚಂದ್ರನ ಲೆಕ್ಕ ತಿಥಿಯದು, ತಿಥಿ ಮಾವನ ಮಡಿಲಿನದು. ಬ್ರಹ್ಮನೂ ಹೇಳಲಾರದ್ದನ್ನು ಬೋಳೂರಿನ ಐತಪ್ಪ ಹೇಳುವಂತೆ ಮಾಡಿದವಳು ತಾನೇ! ಉಬ್ಬರಕ್ಕೆ ಕೆಂಪು, ಇಳಿತಕ್ಕೆ ಬಿಳಿ; ಬಣ್ಣದ ಈ ನಿಯಮವನ್ನೂ ಆಟ ಕಟ್ಟಿದವರು ಅಂಕದ ಹಿರಿಯರಿಂದಲೇ ಕೇಳಿ ಬರೆದಿದ್ದರು.

ಆದರೆ ಈಗ ಇಳಿತ. ಹಾಗಾದರೆ ಪುಟದಲ್ಲಿ ಕೆಂಪು ಎಂದು ಯಾಕಿತ್ತು?

ಅವಳು ಜನರನ್ನು ನೂಕಿಕೊಂಡು ಮಾವನ ಬಳಿ ಓಡಿದಳು. "ಮಾವಾ, ಪುಸ್ತಕ ತಪ್ಪು! ಈಗ ಬಿಳಿ ಗೆ–"

"ಶ್! ಮೆಲ್ಲ," ಎಂದ ಐತಪ್ಪ. ಮುಖದ ಮೇಲೆ ಮೂವತ್ತೆರಡು ವರ್ಷದ ಸೈರನ್ನನ್ನೆಲ್ಲ ಒಟ್ಟಿಗೆ ಊದಿದಷ್ಟು ನಗು. "ಪುಸ್ತಕ ತಪ್ಪುವುದಿಲ್ಲ. ನೀನು ಭಾನುವಾರದ್ದು ಕೇಳಿದ್ದು, ನಾನು ಭಾನುವಾರದ್ದೇ ಕೊಟ್ಟದ್ದು. ಈಗ ಎಲ್ಲಿ ಭಾನುವಾರ?"

"ಆರು ಗಂಟೆ ಆಯ್ತಲ್ಲ!"

"ಗಂಟೆ ಆದರೆ ವಾರ ಆಗುತ್ತದಾ? ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದ ಮೇಲೆ. ಸೈರನ್ ಕೂಗಿತಾ? ಕೂಗಲಿಲ್ಲ. ಅಂದ ಮೇಲೆ ಇನ್ನೂ ನಿನ್ನೆಯ ಬಿದಿಗೆ, ಶನಿವಾರ, ಕಡೆಯ ಜಾವ. ಆ ಪುಟ ಯಾರೂ ಕೇಳಲಿಲ್ಲ."

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಅಜ್ಜಿಯನ್ನು ಕಂಡು ಕನ್ನಡಿಗರು ಇಷ್ಟು ಕಾಲ ಸುಮ್ಮನೆ ನಕ್ಕಿದ್ದಾರೆ ಎಂದು ಸುಗಂಧಿಗೆ ಆ ಕ್ಷಣ ಅನ್ನಿಸಿತು. ಅಮೆರಿಕದಲ್ಲೂ ಶನಿವಾರ, ಪಂಚಾಂಗದಲ್ಲೂ ಶನಿವಾರ. ತನ್ಮಯನ ಕೈಗಡಿಯಾರ ಒಂದರಲ್ಲೇ ಭಾನುವಾರ.

ಗಂಟೆ ಬಾರಿಸಿತು. ಕಣದ ನಡುವೆ ಕೆಂಪು ಜುಟ್ಟಾಸುರ ಪ್ರತ್ಯಕ್ಷವಾಯಿತು. ಹೊಳೆಯುವ ಮೈ, ಹೊಸ ಜುಟ್ಟು, ತರಬೇತಿ ಪಡೆದ ದನಿ. "ನಮಸ್ಕಾರ! ನಾನು ಜುಟ್ಟಾಸುರ ಎರಡು! ಇಂದಿನ ಈ ರೋಚಕ ಕಾದಾಟವನ್ನು ನಿಮಗೆ ಅರ್ಪಿಸುತ್ತಿರುವವರು–"

ಯಾರೆಂದು ಜಗತ್ತಿಗೆ ಇಂದಿಗೂ ಗೊತ್ತಾಗಲಿಲ್ಲ. ಜೋಂಪು ಹತ್ತಿ ಅದರ ಕತ್ತು ಒಂದು ಕಡೆ ವಾಲಿತು. ಅಷ್ಟರಲ್ಲಿ ಸೈರನ್ ನೆಲ ಬಿಟ್ಟಿತ್ತು. ಒಂದು ಹಾರು, ಒಂದು ಸುತ್ತು. ಏಳು ಗರಿಯ ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಬೆಳಕಿನ ಕೆಂಪು ತುಣುಕುಗಳು ದಕ್ಕೆಯ ಮೇಲೆಲ್ಲ ಉದುರಿದವು. ಜುಟ್ಟಾಸುರ ಎರಡು ಕುಕ್ಕರಗಾಲಲ್ಲಿ ಕೂತಿತು. ಸೀನಿತು. ಹೆಸರಿಗೆ ತಕ್ಕಂತೆ ಎರಡನೆಯ ಸಲವೂ ಸೀನಿತು.

ಯುವಕ ಮಂಡಲಕ್ಕೆ ಆ ಕ್ಷಣದಲ್ಲಿ ನಿಜವಾಗಿಯೂ ಯೌವನ ಬಂತು. ಮಂಕಿ ಟೋಪಿಗಳು ಆಕಾಶಕ್ಕೆ ಹಾರಿದವು. ಗುಲಾಬಿ ಸೆರಗಿನ ಅಕ್ಕಿಯನ್ನು ಬಿಚ್ಚಿ ಅಕ್ಷತೆಯಂತೆ ಎರಚಿದಳು, ಅರ್ಧ ತನ್ಮಯನ ತಲೆಯ ಮೇಲೆ ಬಿತ್ತು.

ದೊಡ್ಡ ಪರದೆಯಲ್ಲಿ ಅಕ್ಷರಗಳು ಮೂಡಿದವು: ಸೋತ ತಳಿ, ಜುಟ್ಟಾಸುರ ಎರಡು. ಅಳಿಸಲಾಗುತ್ತಿದೆ.

"ನಿಲ್ಸಿ! ಸುಗಂಧಿ, ನಿಲ್ಸ್ರೀ ಅದನ್ನ!"

"ನಿಲ್ಲಿಸುವ ಬಟನ್ ಬೇಡ ಅಂದದ್ದು ನೀವೇ ಅಲ್ವಾ ಸರ್?"

"ಪುಸ್ತಕದಲ್ಲಿ ಕೆಂಪು ಅಂತ ಇತ್ತಲ್ಲಾ! ಹೇಗ್ರೀ ಸೋಲ್ತು? ಕಾರಣ ಏನು?"

"ಕಾರಣ ಯಾಕೆ ಸರ್?" ಎಂದಳು ಸುಗಂಧಿ, ತುಂಬ ವಿನಯದಿಂದ. "ಅಜ್ಜಿ ಮಾತ್ರೆ ನುಂಗುವಾಗ ಕೇಳ್ತಾರಾ?"

ಆ ಸಾಲಿನ ವಿಷಯ ಸೋಮವಾರ ಬರೆದುಕೊಡುವುದು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿದಳು. ಪ್ರಾಮಾಣಿಕತೆಯ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಸೋಮವಾರ ಹುಟ್ಟುವುದಕ್ಕೂ ಸೂರ್ಯ ಹುಟ್ಟಬೇಕು, ಅವಸರವೇನಿಲ್ಲ.

ತನ್ಮಯ್ ಮೀನಿನ ಬುಟ್ಟಿಯೊಂದರ ಮೇಲೆ, ಮೂಗು ಮುಚ್ಚುವುದನ್ನೂ ಮರೆತು, ಕುಸಿದು ಕೂತ. ಐತಪ್ಪ ಅವನ ಪಕ್ಕದಲ್ಲೇ ಕೂತು, ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟು, ದಿನ ಎಲ್ಲಿ ಹುಟ್ಟುತ್ತದೆ, ಜಾವ ಎಲ್ಲಿಂದ ಎಣಿಸಬೇಕು ಎಂದು ಸಮಾಧಾನದಲ್ಲಿ ವಿವರಿಸಿದ. ಹೊಳೆಯಲ್ಲಿ ನೀರು ಸದ್ದಿಲ್ಲದೆ ತಿರುಗಿ ಏರತೊಡಗಿತ್ತು. ಪರದೆಯ ಮೇಲಿನ ಕೆಂಪು ಚುಕ್ಕೆಗಳು ಒಂದೊಂದಾಗಿ ಆರಿ, ಕಡೆಯದೂ ಆರಿತು.

ಆರು ಗಂಟೆ ಐವತ್ತೆಂಟು ನಿಮಿಷಕ್ಕೆ, ಪೂರ್ವದ ತೆಂಗಿನ ತಲೆಗಳ ಹಿಂದೆ ಸೂರ್ಯನ ನೆತ್ತಿ ಕಂಡದ್ದೇ ತಡ, ಸೈರನ್ ಕತ್ತು ಚಾಚಿ, ಏಳು ಗರಿ ಅರಳಿಸಿ, ಹಳೆ ಬಂದರು ಅದುರುವಂತೆ ಕೂಗಿತು.

ಐತಪ್ಪ ಲೋಟ ಕೆಳಗಿಟ್ಟು ಎಂ.ಡಿ.ಯ ಬೆನ್ನು ತಟ್ಟಿದ.

"ಹಾಂ, ನೋಡಿ ಮಾರಾಯ್ರೇ, ಈಗ ಭಾನುವಾರ. ಈಗ ಬೇಕಾದರೆ ನಿಮ್ಮ ಕೆಂಪನ್ನು ಬಿಡಿ, ಖಂಡಿತ ಗೆಲ್ಲುತ್ತದೆ."

ಬಿಡಲಿಕ್ಕೆ ಕೆಂಪು ಒಂದೂ ಉಳಿದಿರಲಿಲ್ಲ.